ಮಕ್ಕಳ ಎಕ್ಸ್‌ರೇ, ಎಂಆರ್‌ಐ ಓದುವವರಿಗೆ ಜೆನೆಟಿಕ್ ಪರೀಕ್ಷೆಯ ಕೈಪಿಡಿ

‘ಜೆನೆಟಿಕ್ ತಪಾಸಣೆ ಮಾಡಿಸುವುದು ಸೂಕ್ತ.’ ಮಗುವಿನ ಮೂಳೆಯೋ ಮಿದುಳೋ ವಿಚಿತ್ರವಾಗಿ ಕಂಡರೆ ನಾವು ರೇಡಿಯಾಲಜಿಸ್ಟುಗಳು ರಿಪೋರ್ಟಿನ ಕೊನೆಗೆ ಬರೆಯುವ ಸಾಲು ಇದು. ದಯವಿಟ್ಟು ಇದನ್ನು ಬರೆಯುವುದು ನಿಲ್ಲಿಸಿ. ಯಾವ ಪರೀಕ್ಷೆ, ಯಾವ ಜೀನ್ ಮೇಲೆ ಅನುಮಾನ, ಎಲ್ಲಿ ಹುಡುಕಬೇಕು ಅನ್ನುವ ಯಾವ ಪ್ರಶ್ನೆಗೂ ಆ ಸಾಲಿನಲ್ಲಿ ಉತ್ತರವಿಲ್ಲ. ಉತ್ತರದ ಬಹುಪಾಲು ಇರುವುದು ನಮ್ಮ ಮುಂದಿನ ಸ್ಕ್ರೀನಿನಲ್ಲೇ.

ನಾನು ಬೆಂಗಳೂರಿನಲ್ಲಿ ಮಕ್ಕಳ ಇಮೇಜಿಂಗ್ ಓದುತ್ತೇನೆ. ಹೊಸ ರೆಸಿಡೆಂಟುಗಳು ಬಂದಾಗಲೆಲ್ಲ ಅದೇ ಪ್ರಶ್ನೆಗಳು. ಮೈಕ್ರೋಅರೇ (ಡಿಎನ್‌ಎಯ ತುಂಡು ಕಳೆದಿದೆಯೇ, ಹೆಚ್ಚಿದೆಯೇ ನೋಡುವ ಪರೀಕ್ಷೆ) ಯಾವಾಗ? ಎಕ್ಸೋಮ್ (ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸುವ ಭಾಗವನ್ನೆಲ್ಲ ಓದುವ ಪರೀಕ್ಷೆ) ಯಾವಾಗ? ಲ್ಯಾಬಿನವರು ‘ವಿಯುಎಸ್’ (ಅರ್ಥ ಇನ್ನೂ ಖಚಿತವಾಗದ ಬದಲಾವಣೆ) ಅಂತ ಕಳಿಸಿದರೆ ಏನು ಮಾಡಬೇಕು? ಕೇಸಿನ ಮಧ್ಯೆ ಅವಸರದಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ನಮ್ಮ ಮಾತು ಎಲ್ಲಿಗೆ ಹೋಗುತ್ತದೆ

ಎಕ್ಸೋಮ್ ಮಾಡಿದಾಗ ಒಬ್ಬ ಮನುಷ್ಯನಲ್ಲಿ ಹತ್ತಾರು ಸಾವಿರ ವೇರಿಯಂಟುಗಳು, ಅಂದರೆ ಡಿಎನ್‌ಎ ಅಕ್ಷರಗಳ ಬದಲಾವಣೆಗಳು, ಸಿಗುತ್ತವೆ. ಬಹುತೇಕ ಎಲ್ಲವೂ ನಿರಪಾಯ. ಅವುಗಳಲ್ಲಿ ಕಾಯಿಲೆ ತರುವ ಒಂದನ್ನು ಆರಿಸಬೇಕಾದರೆ ಮಗುವಿಗೆ ಏನಾಗಿದೆ ಅನ್ನುವುದು ಲ್ಯಾಬಿನವರಿಗೆ ಗೊತ್ತಿರಬೇಕು. ಅವರು ಮಗುವನ್ನು ನೋಡಿರುವುದಿಲ್ಲ. ಅವರ ಕೈಗೆ ಬರುವುದು ಒಂದು ಫಾರ್ಮ್. ಅದನ್ನು ತುಂಬುವುದು ಓಪಿಡಿಯಲ್ಲಿ ಕುಳಿತ ಜೂನಿಯರ್ ಡಾಕ್ಟರ್, ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿರುವಾಗ. ನಮ್ಮ ರಿಪೋರ್ಟಿನ ಕೊನೆಯ ಎರಡು ಸಾಲನ್ನು ಅವರು ಫಾರ್ಮಿಗೆ ಇಳಿಸುತ್ತಾರೆ. ನಾವು ‘ಸ್ಕೆಲಿಟಲ್ ಡಿಸ್‌ಪ್ಲೇಸಿಯಾ’ (ಮೂಳೆ ಬೆಳವಣಿಗೆಯ ದೋಷ) ಅಂತ ಬರೆದರೆ ಫಾರ್ಮಿನಲ್ಲಿ ಅದೇ ಇರುತ್ತದೆ. ಕೆಲವೊಮ್ಮೆ ‘ಕುಳ್ಳು’ ಅನ್ನುವುದಷ್ಟೇ ಉಳಿಯುತ್ತದೆ.

ಮೂಳೆಯ ಜೆನೆಟಿಕ್ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ 2023ರ ಆವೃತ್ತಿಯಲ್ಲಿ 771 ಕಾಯಿಲೆಗಳಿವೆ, 41 ಗುಂಪುಗಳಿವೆ, 552 ಜೀನ್‌ಗಳಿವೆ. ‘ಸ್ಕೆಲಿಟಲ್ ಡಿಸ್‌ಪ್ಲೇಸಿಯಾ’ ಅಂದರೆ ಇಷ್ಟೂ ಬಂತು. ಅದರ ಬದಲು ‘ಬೆನ್ನುಮೂಳೆ ಚಪ್ಪಟೆ, ಎಪಿಫಿಸಿಸ್ (ಉದ್ದ ಮೂಳೆಯ ತುದಿ) ದೊಡ್ಡದು, ಮೆಟಫಿಸಿಸ್ (ಅದರ ಪಕ್ಕದ ಭಾಗ) ಸರಿಯಾಗಿದೆ’ ಅಂದರೆ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ.

ಇನ್ನೊಂದು ವಿಷಯ ರೆಸಿಡೆಂಟುಗಳಿಗೆ ಹೇಳಿದಾಗ ಆಶ್ಚರ್ಯವಾಗುತ್ತದೆ. ಲ್ಯಾಬಿನವರು ವೇರಿಯಂಟುಗಳನ್ನು ವಿಂಗಡಿಸುವುದು ಅಮೆರಿಕದ ಜೆನೆಟಿಕ್ಸ್ ವೈದ್ಯರ ಎಸಿಎಂಜಿ ಸಂಸ್ಥೆ 2015ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ. ಅದರಲ್ಲಿ ‘ಪಿಪಿ4’ ಅಂತ ಒಂದು ಅಂಶ ಇದೆ. ಮಗುವಿನ ಲಕ್ಷಣಗಳು ಒಂದೇ ಜೀನಿನ ಕಾಯಿಲೆಗೆ ಸ್ಪಷ್ಟವಾಗಿ ಹೊಂದಿದರೆ ಅದನ್ನೂ ಸಾಕ್ಷಿಯಾಗಿ ಸೇರಿಸಿಕೊಳ್ಳಬಹುದು. ಅಂದರೆ ನಮ್ಮ ಎಕ್ಸ್‌ರೇ ರಿಪೋರ್ಟು ಆ ಲೆಕ್ಕದೊಳಗೆ ಒಂದು ಅಂಕ. ನಾವು ಸರಿಯಾಗಿ ಬರೆಯದಿದ್ದರೆ ಆ ಅಂಕ ಮಗುವಿಗೆ ಸಿಗುವುದಿಲ್ಲ.

ಯಾವ ಪರೀಕ್ಷೆಗೆ ಏನು ಕಾಣುತ್ತದೆ

ನಮ್ಮ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳದ್ದು. ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಅವುಗಳ ಎಕ್ಸಾನ್‌ಗಳೆಲ್ಲ (ಪ್ರೋಟೀನಿನ ಸಂದೇಶ ಇರುವ ತುಂಡುಗಳು) ಸೇರಿದರೂ ಒಟ್ಟು ಜೀನೋಮಿನಲ್ಲಿ ಶೇಕಡಾ 1ರಿಂದ 2 ಅಷ್ಟೇ.

ಈ ಜೀನೋಮನ್ನು ಒಂದು ಊರು ಅಂದುಕೊಳ್ಳಿ, ಬೆಂಗಳೂರನ್ನೇ ತಗೊಳ್ಳಿ. ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ವಿಮಾನದ ಕಿಟಕಿಯಿಂದ ಊರು ನೋಡುತ್ತದೆ. ಇಡೀ ಜಯನಗರವೇ ಇಲ್ಲ, ಅಥವಾ ಜಯನಗರ ಮಲ್ಲೇಶ್ವರ ಜಾಗ ಅದಲು ಬದಲಾಗಿವೆ ಅಂದರೆ ತಿಳಿಯುತ್ತದೆ. ಸುಮಾರು 50 ಲಕ್ಷದಿಂದ 1 ಕೋಟಿ ಅಕ್ಷರಕ್ಕಿಂತ ಚಿಕ್ಕದು ಅದಕ್ಕೆ ಕಾಣದು. ಮೈಕ್ರೋಅರೇ ಕೆಳಗಿಳಿದು ನೋಡುತ್ತದೆ. ಒಂದು ಬ್ಲಾಕ್ ಇಲ್ಲ, ಅಥವಾ ಒಂದು ಬ್ಲಾಕ್ ಎರಡು ಸಲ ಇದೆ ಅನ್ನುವುದು ಅದಕ್ಕೆ ಗೊತ್ತಾಗುತ್ತದೆ. ಆದರೆ ಏನೂ ಕಳೆದುಹೋಗದೆ ಬರೀ ಜಾಗ ಬದಲಾಗಿದ್ದರೆ ಗೊತ್ತಾಗುವುದಿಲ್ಲ. ಎಕ್ಸೋಮ್ ಮನೆ ಮನೆಗೆ ಹೋಗಿ ಡೋರ್ ನಂಬರ್ ಓದುತ್ತದೆ. ಮನೆಗಳನ್ನು ಮಾತ್ರ ನೋಡುತ್ತದೆ, ರಸ್ತೆ, ಪಾರ್ಕು, ಕೆರೆ ಬಿಟ್ಟುಬಿಡುತ್ತದೆ. ಹೋಲ್ ಜೀನೋಮ್ ಎಲ್ಲವನ್ನೂ ನೋಡುತ್ತದೆ. ನೋಡಿದ್ದಕ್ಕೆಲ್ಲ ಅರ್ಥ ಹೇಳುವುದು ಮಾತ್ರ ಇನ್ನೂ ಕಷ್ಟ.

ಬೆಳವಣಿಗೆ ಕುಂಠಿತವಾಗಿದ್ದು, ಹಲವು ಅಂಗಗಳಲ್ಲಿ ದೋಷ ಇದ್ದರೆ ಮೈಕ್ರೋಅರೇಯನ್ನೇ ಮೊದಲು ಮಾಡಿ ಅಂತ 2010ರಲ್ಲಿ ತಜ್ಞರು ಹೇಳಿದರು. ಕ್ಯಾರಿಯೋಟೈಪಿನಲ್ಲಿ ನೂರಕ್ಕೆ ಸುಮಾರು 3 ಮಕ್ಕಳಲ್ಲಿ ಉತ್ತರ ಸಿಗುತ್ತಿತ್ತು, ಮೈಕ್ರೋಅರೇಯಲ್ಲಿ 15ರಿಂದ 20. 2021ರಲ್ಲಿ ಎಸಿಎಂಜಿ ಇಂಥ ಮಕ್ಕಳಿಗೆ ಎಕ್ಸೋಮ್ ಅಥವಾ ಜೀನೋಮನ್ನೇ ಮೊದಲ ಇಲ್ಲವೇ ಎರಡನೇ ಪರೀಕ್ಷೆಯಾಗಿ ಮಾಡಬಹುದು ಅಂತ ಶಿಫಾರಸು ಮಾಡಿತು. ಹಾಗಾಗಿ ಈಗ ಎಲ್ಲರಿಗೂ ಎಕ್ಸೋಮ್ ಬರೆಯುವ ರೂಢಿ ಜಾಸ್ತಿಯಾಗಿದೆ. ತಪ್ಪೇನಲ್ಲ. ಆದರೆ ಎಕ್ಸೋಮಿಗೆ ಏನು ಕಾಣುವುದಿಲ್ಲ ಅನ್ನುವುದು ನಮಗೆ ಬಾಯಿಪಾಠ ಇರಬೇಕು. ಫ್ರಾಜೈಲ್ ಎಕ್ಸ್‌ನಂಥ ರಿಪೀಟ್ ಕಾಯಿಲೆಗಳು (ಡಿಎನ್‌ಎಯ ಒಂದೇ ತುಣುಕು ಅತಿಯಾಗಿ ಮರುಕಳಿಸಿ ಬರುವವು) ಅದಕ್ಕೆ ಕಾಣುವುದಿಲ್ಲ. ಮಿಥೈಲೇಷನ್ (ಡಿಎನ್‌ಎ ಮೇಲಿನ ರಾಸಾಯನಿಕ ಗುರುತು) ದೋಷಗಳೂ ಕಾಣುವುದಿಲ್ಲ. ಇಂಟ್ರಾನಿನ (ಎಕ್ಸಾನ್‌ಗಳ ನಡುವಿನ ಭಾಗ) ಒಳಗಿನ ಬದಲಾವಣೆಗಳು, ಕೆಲವು ಡಿಲೀಷನ್‌ಗಳು (ತುಂಡು ಕಳೆದುಹೋಗುವುದು) ತಪ್ಪಿಹೋಗುತ್ತವೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಪ್ರತ್ಯೇಕವಾಗಿ ಕೇಳದೆ ಹಲವು ಲ್ಯಾಬುಗಳು ನೋಡುವುದಿಲ್ಲ. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಬುಡದ ಬ್ರೈನ್‌ಸ್ಟೆಮ್ ಎರಡೂ ಕಡೆ ಸಮನಾಗಿ ಹೊಳೆಯುತ್ತಿದ್ದು, ನೀವು ಲೀ ಸಿಂಡ್ರೋಮ್ (ಆ ಶಕ್ತಿ ಉತ್ಪಾದನೆಯ ದೋಷದಿಂದ ಬರುವ ಮಿದುಳಿನ ಕಾಯಿಲೆ) ಅಂತ ಯೋಚಿಸಿದ್ದರೆ ‘ಮೈಟೊಕಾಂಡ್ರಿಯಲ್ ಡಿಎನ್‌ಎ ಸಹ ನೋಡಬೇಕು’ ಅಂತ ರಿಪೋರ್ಟಿನಲ್ಲೇ ಬರೆಯಿರಿ.

ಒಂದು ಮುಂಗೈ ಎಕ್ಸ್‌ರೇ

ಹತ್ತು ವರ್ಷದ ಹುಡುಗ. ಪದೇ ಪದೇ ಮೂಳೆ ಮುರಿತ. ಕಣ್ಣಿನ ಬಿಳಿ ಭಾಗ ಬೆಳ್ಳಗೇ ಇದೆ, ಹಲ್ಲು ಚೆನ್ನಾಗಿವೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ (ಮೂಳೆ ಸುಲಭವಾಗಿ ಮುರಿಯುವ ಜೆನೆಟಿಕ್ ಕಾಯಿಲೆ) ಅಂತ ಅನುಮಾನಿಸಿ ಎಕ್ಸೋಮ್ ಮಾಡಿಸಿದ್ದಾರೆ. ಕಾಲಜನ್ ಜೀನ್‌ಗಳಲ್ಲಿ ಏನೂ ಸಿಕ್ಕಿಲ್ಲ. ರಿಪೋರ್ಟ್ ‘ನೆಗೆಟಿವ್’. ಈಗ ತೊಡೆಮೂಳೆಯ ಸುತ್ತ ದಪ್ಪ ಕ್ಯಾಲಸ್ (ಮುರಿತ ಕೂಡುವಾಗ ಬೆಳೆಯುವ ಹೊಸ ಮೂಳೆ) ಬೆಳೆದು, ಗೆಡ್ಡೆ ಇರಬಹುದೇ ಅನ್ನುವ ಪ್ರಶ್ನೆಯೊಂದಿಗೆ ನಮ್ಮ ಹತ್ತಿರ ಬಂದಿದ್ದಾನೆ.

ತೊಡೆಯನ್ನು ಬಿಡಿ, ಮುಂಗೈ ಫಿಲ್ಮ್ ತೆಗೆಸಿ. ಮುಂಗೈಯ ಎರಡು ಮೂಳೆಗಳಾದ ರೇಡಿಯಸ್ ಮತ್ತು ಅಲ್ನಾ ನಡುವೆ ಕಪ್ಪಾಗಿರಬೇಕಾದ ಜಾಗದಲ್ಲಿ ತೆಳುವಾದ ಬಿಳಿ ಪದರ ಇದೆ. ಎರಡು ಮೂಳೆಗಳ ನಡುವಿನ ಪೊರೆಯೇ ಕ್ಯಾಲ್ಸಿಯಂ ಗಟ್ಟಿಯಾಗಿ ನಿಂತಿದೆ. ಮೊಣಕೈ ಹತ್ತಿರ ರೇಡಿಯಸ್ಸಿನ ತಲೆ ಜಾಗದಲ್ಲಿಲ್ಲ. ಹುಡುಗನಿಗೆ ಅಂಗೈಯನ್ನು ಮೇಲೆ ಕೆಳಗೆ ಪೂರ್ತಿ ತಿರುಗಿಸಲು ಆಗುವುದಿಲ್ಲ, ಕೇಳಿದರೆ ಅಮ್ಮ ಹೇಳುತ್ತಾರೆ. ಇದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾದ ಐದನೇ ಬಗೆ. ಆ ದಪ್ಪ ಕ್ಯಾಲಸ್ ಗೆಡ್ಡೆಯಲ್ಲ, ಇದೇ ಕಾಯಿಲೆಯ ಗುಣ.

ಈಗ ಜೆನೆಟಿಕ್ಸ್ ಭಾಗ. ಐದನೇ ಬಗೆಗೆ ಕಾರಣ ಐಎಫ್‌ಐಟಿಎಂ5 ಅನ್ನುವ ಜೀನ್. ಇದು 2012ರಲ್ಲಿ ಗೊತ್ತಾಯಿತು. ಹೆಚ್ಚುಕಮ್ಮಿ ಎಲ್ಲ ರೋಗಿಗಳಲ್ಲೂ ಒಂದೇ ಬದಲಾವಣೆ, ಸಿ.-14ಸಿ>ಟಿ. ಆ ಮೈನಸ್ ಚಿಹ್ನೆ ನೋಡಿ. ಪ್ರೋಟೀನಿನ ಸಂದೇಶ ಶುರುವಾಗುವ ಜಾಗಕ್ಕಿಂತ 14 ಅಕ್ಷರ ಹಿಂದೆ ಅಂತ ಅರ್ಥ. ಅಲ್ಲಿ ಹೊಸದೊಂದು ಆರಂಭದ ಗುರುತು ಹುಟ್ಟಿಕೊಂಡು ಪ್ರೋಟೀನಿಗೆ ಐದು ಅಮೈನೋ ಆಮ್ಲ ಜಾಸ್ತಿ ಸೇರುತ್ತದೆ. ಸೀಕ್ವೆನ್ಸಿಂಗ್ ಯಂತ್ರ ಈ ಜಾಗವನ್ನು ಓದಿರಬಹುದು. ಆದರೆ ಕೋಡಿಂಗ್ ಭಾಗ ಅಲ್ಲ ಅಂತ ಸಾಫ್ಟ್‌ವೇರ್ ಅದನ್ನು ಸೋಸಿ ಎಸೆದುಬಿಡುತ್ತದೆ. ಹಾಗಾಗಿ ರಿಪೋರ್ಟ್ ‘ನೆಗೆಟಿವ್’. ರೇಡಿಯಾಲಜಿಸ್ಟ್ ‘ಮುಂಗೈಯ ಪೊರೆಯಲ್ಲಿ ಕ್ಯಾಲ್ಸಿಯಂ ಇದೆ, ಐಎಫ್‌ಐಟಿಎಂ5ರ ಆ ಒಂದು ಜಾಗ ನೋಡಿ’ ಅಂತ ಬರೆದರೆ ಹಳೆಯ ಡೇಟಾದಲ್ಲೇ ಹುಡುಕಬಹುದು. ಇಲ್ಲದಿದ್ದರೆ ಆ ಒಂದು ಜಾಗವನ್ನಷ್ಟೇ ಓದುವ ಚಿಕ್ಕ ಸ್ಯಾಂಗರ್ ಪರೀಕ್ಷೆ ಸಾಕು. ಮಗುವನ್ನು ಬಯಾಪ್ಸಿಗೆ ಕಳಿಸುವ ಅಗತ್ಯ ಬೀಳುವುದಿಲ್ಲ.

ನಮ್ಮ ಕಡೆ ಜಾಸ್ತಿ ಕಾಣುವ ಒಂದು ಕಾಯಿಲೆ

ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಬಟ್ಟೆ ಅಂಗಡಿಯ ಕವರಿನಲ್ಲಿ ಹಳೆಯ ಫಿಲ್ಮುಗಳನ್ನು ಹಿಡಿದು ಬರುವ ಕುಟುಂಬಗಳಲ್ಲಿ ಈ ಮಕ್ಕಳು ಇರುತ್ತಾರೆ. ಎಂಟೊಂಬತ್ತು ವರ್ಷ. ಬೆರಳ ಗೆಣ್ಣುಗಳು ದಪ್ಪಗಾಗಿವೆ, ನಡಿಗೆ ಬಿಗಿಯಾಗಿದೆ. ಮಕ್ಕಳ ಸಂಧಿವಾತ ಅಂತ ವರ್ಷಗಟ್ಟಲೆ ಮಾತ್ರೆ ನಡೆದಿದೆ, ಕೆಲವರಿಗೆ ಸ್ಟೀರಾಯ್ಡ್ ಕೂಡ. ಇಎಸ್‌ಆರ್, ಸಿಆರ್‌ಪಿ (ಉರಿಯೂತ ಅಳೆಯುವ ರಕ್ತಪರೀಕ್ಷೆಗಳು) ಯಾವಾಗಲೂ ನಾರ್ಮಲ್.

ಕೈ ಎಕ್ಸ್‌ರೇ ನೋಡಿ. ಸಂಧಿವಾತವಾಗಿದ್ದರೆ ಮೂಳೆಯ ಅಂಚು ಸವೆದು ಕಚ್ಚು ಬಿದ್ದಿರಬೇಕಿತ್ತು. ಇಲ್ಲಿ ಕಚ್ಚುಗಳಿಲ್ಲ. ಊತವೂ ಮೆತ್ತನೆಯದಲ್ಲ, ಮೂಳೆಯ ತುದಿಯೇ ಅಗಲವಾಗಿದೆ. ಇಷ್ಟು ಕಂಡ ಮೇಲೆ ಕೈಗೆ ನಿಲ್ಲಬೇಡಿ, ಬೆನ್ನನ್ನು ಪಕ್ಕದಿಂದ ತೆಗೆದ ಫಿಲ್ಮ್ ಕೇಳಿ. ವರ್ಟಿಬ್ರಾಗಳು (ಬೆನ್ನುಮೂಳೆಯ ಬಿಲ್ಲೆಗಳು) ಚಪ್ಪಟೆ, ಮುಂಭಾಗದ ಅಂಚು ಏರುಪೇರು. ಸೊಂಟದಲ್ಲಿ ತೊಡೆಮೂಳೆಯ ತಲೆ ದೊಡ್ಡದಾಗಿದೆ, ಕೀಲಿನ ಜಾಗ ಕಿರಿದಾಗಿದೆ. ಇದು ಪ್ರೋಗ್ರೆಸಿವ್ ಸ್ಯೂಡೋರೂಮಟಾಯ್ಡ್ ಡಿಸ್‌ಪ್ಲೇಸಿಯಾ. ಜೀನ್ ಸಿಸಿಎನ್6, ಹಳೆಯ ಹೆಸರು ಡಬ್ಲ್ಯುಐಎಸ್‌ಪಿ3. ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ರಿಸೆಸಿವ್ ಕಾಯಿಲೆ. ಭಾರತದ ಮಕ್ಕಳಲ್ಲಿ ಸಿ.156ಸಿ>ಎ ಮತ್ತು ಸಿ.233ಜಿ>ಎ ಎಂಬ ಎರಡು ಬದಲಾವಣೆಗಳು ಮತ್ತೆ ಮತ್ತೆ ಸಿಗುತ್ತವೆ. ಇಷ್ಟು ಸ್ಪಷ್ಟವಾಗಿ ಎಕ್ಸ್‌ರೇ ಹೇಳುತ್ತಿದ್ದರೆ ಇಡೀ ಎಕ್ಸೋಮ್ ಬೇಕಾಗಿಲ್ಲ, ಒಂದು ಜೀನ್ ನೋಡಿದರೆ ಸಾಕು. ಬಡ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಜೊತೆಗೆ, ಬೇಡದ ಸ್ಟೀರಾಯ್ಡ್ ಅವತ್ತೇ ನಿಲ್ಲಿಸುವ ಮಾತು ಶುರುವಾಗುತ್ತದೆ.

ಮಲೆನಾಡಿನ ಹಂದಿಗೋಡು ಕಾಯಿಲೆ ಕೇಳಿರುತ್ತೀರಿ. 1970ರ ದಶಕದಲ್ಲಿ ಸಾಗರ ತಾಲೂಕಿನ ಆ ಊರಿನಲ್ಲಿ ಜನರ ಸೊಂಟ, ಮಂಡಿ ಹಿಡಿದುಕೊಳ್ಳತೊಡಗಿದಾಗ ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದಿದ್ದೇ ಕಾರಣ ಅಂತ ಅನುಮಾನವಿತ್ತು. ಕುಟುಂಬಗಳ ವಂಶಾವಳಿ ಬರೆದು, ಎಕ್ಸ್‌ರೇಗಳನ್ನು ಜೋಡಿಸಿ ನೋಡಿದ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಹೋಗುವ ಮೂಳೆ ಬೆಳವಣಿಗೆಯ ದೋಷ ಅನ್ನುವುದು ತಿಳಿಯಿತು. ಆಗ ನಮ್ಮ ಕಡೆ ಜೀನ್ ಸೀಕ್ವೆನ್ಸಿಂಗ್ ಇರಲಿಲ್ಲ. ಸೊಂಟ ಮತ್ತು ಬೆನ್ನಿನ ಎಕ್ಸ್‌ರೇ ಇತ್ತು, ಮನೆ ಮನೆಗೆ ಹೋಗಿ ಕೇಳುವ ವೈದ್ಯರಿದ್ದರು.

ತುಂಡೇ ಕಾಣೆಯಾದಾಗ

ಕೆಲವು ಚಿತ್ರಗಳು ‘ಇಲ್ಲಿ ಒಂದು ಅಕ್ಷರ ತಪ್ಪಿಲ್ಲ, ಒಂದು ತುಂಡೇ ಹೋಗಿದೆ’ ಅಂತ ಹೇಳುತ್ತವೆ. ಅವನ್ನು ಗುರುತಿಸುವುದು ನಮ್ಮ ಕೆಲಸ.

ಟ್ಯೂಬರಸ್ ಸ್ಕ್ಲೆರೋಸಿಸ್ (ಮಿದುಳು, ಕಿಡ್ನಿ ಮುಂತಾದ ಅಂಗಗಳಲ್ಲಿ ಗಂಟುಗಳು ಬೆಳೆಯುವ ಕಾಯಿಲೆ) ಇರುವ ಕೂಸು, ಎರಡೂ ಕಿಡ್ನಿಯಲ್ಲಿ ದೊಡ್ಡ ದೊಡ್ಡ ಸಿಸ್ಟುಗಳು. 16ನೇ ಕ್ರೋಮೋಸೋಮಿನಲ್ಲಿ ಟಿಎಸ್‌ಸಿ2 ಮತ್ತು ಪಿಕೆಡಿ1 ಜೀನ್‌ಗಳು (ಮೊದಲನೆಯದು ಈ ಕಾಯಿಲೆಯದು, ಎರಡನೆಯದು ಕಿಡ್ನಿ ಸಿಸ್ಟುಗಳದು) ಅಕ್ಕಪಕ್ಕದಲ್ಲೇ ಇವೆ. ಎರಡನ್ನೂ ಸೇರಿಸಿ ಒಂದು ತುಂಡು ಹೋದರೆ ಈ ಜೋಡಿ ಕಾಣುತ್ತದೆ. ಎಂಎಲ್‌ಪಿಎ (ಜೀನಿನ ತುಂಡುಗಳ ಪ್ರತಿ ಎಣಿಸುವ ಪರೀಕ್ಷೆ) ಅಥವಾ ಮೈಕ್ರೋಅರೇ ಕೇಳಿ. ಗರ್ಭದಲ್ಲೇ ಕಿಡ್ನಿಗಳು ಬೆಳ್ಳಗೆ ಹೊಳೆದಿದ್ದು, ಹುಟ್ಟಿದ ಮೇಲೆ ಸಣ್ಣ ಸಿಸ್ಟುಗಳು ಕಂಡರೆ ಎಚ್‌ಎನ್‌ಎಫ್1ಬಿ ಜೀನ್ ನೆನಪಿಸಿಕೊಳ್ಳಿ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಆ ಜೀನ್ ಇರುವ, 17ನೇ ಕ್ರೋಮೋಸೋಮಿನ 17ಕ್ಯೂ12 ಭಾಗವೇ ಪೂರ್ತಿ ಇರುವುದಿಲ್ಲ. ನುಣುಪಾದ ಮಿದುಳು ಕಂಡಾಗ ಹಿಂದಿನ ಭಾಗ ಹೆಚ್ಚು ನುಣುಪೋ, ಮುಂದಿನ ಭಾಗವೋ ಅನ್ನುವುದನ್ನು ಬರೆಯದೆ ಬಿಡಬೇಡಿ. ಹಿಂದೆ ಹೆಚ್ಚಿದ್ದರೆ ಎಲ್‌ಐಎಸ್1 ಜೀನ್ ಕಡೆಗೆ, ಮುಂದೆ ಹೆಚ್ಚಿದ್ದರೆ ಡಿಸಿಎಕ್ಸ್ ಜೀನ್ ಕಡೆಗೆ. ಎಲ್‌ಐಎಸ್1ರಲ್ಲಿ ಡಿಲೀಷನ್‌ಗಳು ಸಾಮಾನ್ಯ.

ದೇಹ ಅತಿಯಾಗಿ ಬೆಳೆಯುವ ಬೆಕ್‌ವಿತ್ ವೀಡೆಮನ್ ಸಿಂಡ್ರೋಮ್ ಬೇರೆಯೇ ಕಥೆ. ನಾಲಗೆ ದೊಡ್ಡದು, ದೇಹದ ಒಂದು ಪಕ್ಕ ದೊಡ್ಡದು, ಕಿಡ್ನಿ ದೊಡ್ಡದು. ಬಹಳ ಮಕ್ಕಳಲ್ಲಿ ದೋಷ ಇರುವುದು 11ನೇ ಕ್ರೋಮೋಸೋಮಿನ 11ಪಿ15 ಭಾಗದ ಮಿಥೈಲೇಷನ್ನಿನಲ್ಲಿ. ಎಕ್ಸೋಮಿಗೆ ಅದು ಕಾಣದು. ದೋಷ ಕೆಲವು ಜೀವಕೋಶಗಳಲ್ಲಿ ಮಾತ್ರ ಇದ್ದರೆ ರಕ್ತದ ಪರೀಕ್ಷೆಯೂ ನಾರ್ಮಲ್ ಬರಬಹುದು. ಹಾಗಂತ ಮಗುವನ್ನು ಬಿಟ್ಟುಬಿಡಬಾರದು.

ರಿಪೋರ್ಟ್ ಬರೆಯುವ ಬಗೆ

ಮೊದಲು ಕಂಡದ್ದನ್ನು ಬರೆಯಿರಿ, ಆಮೇಲೆ ಹೆಸರು. ‘ಹರ್ಲರ್ (ಎನ್‌ಜೈಮ್ ಕೊರತೆಯ ಒಂದು ಕಾಯಿಲೆ) ಇರಬಹುದು’ ಅನ್ನುವುದಕ್ಕಿಂತ ‘ಪಕ್ಕೆಲುಬು ದೋಣಿಯ ಹುಟ್ಟಿನಂತೆ ಅಗಲ, ಎಲ್2 ವರ್ಟಿಬ್ರಾದ ಕೆಳ ಮುಂಭಾಗದಲ್ಲಿ ಕೊಕ್ಕು, ಮೆಟಾಕಾರ್ಪಲ್‌ಗಳ (ಅಂಗೈ ಮೂಳೆಗಳು) ಬುಡ ಚೂಪು’ ಅನ್ನುವುದು ಹೆಚ್ಚು ಬಾಳುತ್ತದೆ. ಹೆಸರು ತಪ್ಪಿದರೂ ಕಂಡದ್ದು ತಪ್ಪುವುದಿಲ್ಲ. ಕೊಕ್ಕು ಕೆಳಗಿದ್ದರೆ ಹರ್ಲರ್, ನಡುವೆ ಇದ್ದರೆ ಅದೇ ಗುಂಪಿನ ಮಾರ್ಕಿಯೋ ಅಂತ ಓದಿದ್ದೇವೆ, ಅಲ್ವಾ. ಅದನ್ನು ಬರೆದರೆ ತಾನೇ ಮುಂದಿನವರು ಯಾವ ಎನ್‌ಜೈಮ್ ನೋಡಬೇಕು ಅಂತ ನಿರ್ಧರಿಸುವುದು? ಈ ಗುಂಪಿನಲ್ಲಿ ಎನ್‌ಜೈಮ್ ಪರೀಕ್ಷೆ ಜೀನ್ ಪರೀಕ್ಷೆಗಿಂತ ಬೇಗ ಉತ್ತರ ಕೊಡಬಲ್ಲದು.

ರೋಗಲಕ್ಷಣಗಳಿಗೆ ಲ್ಯಾಬುಗಳು ಬಳಸುವ ಪದಕೋಶ ಹ್ಯೂಮನ್ ಫಿನೋಟೈಪ್ ಆಂಟಾಲಜಿ. 2008ರಿಂದ ಇದೆ, ಉಚಿತ. ನಿಮ್ಮ ಪದ ಅಲ್ಲಿದೆಯೇ ನೋಡಿ, ಇದ್ದರೆ ಅದನ್ನೇ ಬಳಸಿ. ‘ಮೋಲಾರ್ ಟೂತ್ ಸೈನ್’ (ಬ್ರೈನ್‌ಸ್ಟೆಮ್ ದವಡೆ ಹಲ್ಲಿನಂತೆ ಕಾಣುವುದು) ಅಂತ ಬರೆದರೆ ಕಂಪ್ಯೂಟರ್ ನೇರವಾಗಿ ಜೂಬರ್ಟ್ ಸಿಂಡ್ರೋಮ್ ಗುಂಪಿನ ಜೀನ್‌ಗಳ ಕಡೆ ಹೋಗುತ್ತದೆ. ‘ಸೆರೆಬೆಲ್ಲಂ ಚಿಕ್ಕದು’ ಅಂದರೆ ನೂರಾರು ಜೀನ್‌ಗಳ ನಡುವೆ ಅಲೆಯುತ್ತದೆ.

ಇಲ್ಲದ್ದನ್ನೂ ಬರೆಯಿರಿ. ‘ವರ್ಮಿಯನ್ ಮೂಳೆಗಳಿಲ್ಲ’ (ತಲೆಬುರುಡೆಯ ಬೆಸುಗೆಗಳಲ್ಲಿನ ಹೆಚ್ಚುವರಿ ಪುಟ್ಟ ಮೂಳೆಗಳು), ‘ಕಿಡ್ನಿ, ಲಿವರ್ ನಾರ್ಮಲ್’, ‘ಕಾಂಟ್ರಾಸ್ಟ್ ಹಿಡಿದಿಲ್ಲ’. ಜೀನ್‌ಗಳನ್ನು ಪಟ್ಟಿಯಿಂದ ತೆಗೆಯಲು ಇವು ಬೇಕು. ನೋಡದೇ ಇರುವುದನ್ನು ‘ನೋಡಿಲ್ಲ’ ಅಂತಲೇ ಬರೆಯಿರಿ. ಕೊನೆಗೆ ಒಂದೇ ಒಂದು ನೇರವಾದ ಸಲಹೆ ಕೊಡಿ: ಯಾವ ಜೀನ್ ಅಥವಾ ಗುಂಪು, ಯಾವ ಬಗೆಯ ದೋಷ, ಯಾವ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು.

ಫಿಲ್ಮಿನ ಆಚೆ ಕೇಳಬೇಕಾದದ್ದು

ಸೋದರಮಾವನನ್ನೋ, ಅತ್ತೆ ಮಗನನ್ನೋ ಮದುವೆಯಾಗುವುದು ನಮ್ಮ ಕಡೆ ಇವತ್ತಿಗೂ ಇದೆ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿನ ಜೀನೋಮಿನಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಎರಡೂ ಪ್ರತಿ ಒಂದೇ ಪೂರ್ವಜರದ್ದು. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಎಸ್‌ಎನ್‌ಪಿ (ಒಂದೊಂದು ಅಕ್ಷರದ ವ್ಯತ್ಯಾಸ ನೋಡುವ) ಮೈಕ್ರೋಅರೇಯಲ್ಲಿ ಇದು ಉದ್ದುದ್ದ ಹೋಮೋಜೈಗಸ್ (ಎರಡೂ ಪ್ರತಿ ಒಂದೇ ಇರುವ) ಪಟ್ಟೆಗಳಾಗಿ ಕಾಣುತ್ತದೆ, ಜೀನ್ ಎಲ್ಲಿರಬಹುದು ಅನ್ನುವ ಸುಳಿವನ್ನೂ ಕೊಡುತ್ತದೆ. ಕೇಳುವಾಗ ತಪ್ಪು ಹೊರಿಸುವ ದನಿ ಬೇಡ. ‘ಮದುವೆಗೆ ಮುಂಚೆಯೂ ಸಂಬಂಧಿಕರಾ?’ ಅಂತ ಸುಮ್ನೆ ಕೇಳಿದರೆ ಸಾಕು. ಸಂಬಂಧ ಇಲ್ಲ ಅಂದರೂ ಎರಡೂ ಮನೆ ಒಂದೇ ಊರಿನವೇ ಅಂತ ಕೇಳಿ.

ಹಾಗಂತ ಸಂಬಂಧದಲ್ಲಿ ಮದುವೆ ಅಂದ ಕೂಡಲೇ ಎಲ್ಲವೂ ರಿಸೆಸಿವ್ ಅಂದುಕೊಳ್ಳಬೇಡಿ. ಬೆನ್ನಿನ ಫಿಲ್ಮಿನಲ್ಲಿ ಕೆಳಗೆ ಹೋದಂತೆ ಪೆಡಿಕಲ್‌ಗಳ (ವರ್ಟಿಬ್ರಾದ ಎರಡು ಪಕ್ಕದ ಕಂಬಗಳು) ನಡುವಿನ ಅಂತರ ಕಿರಿದಾಗುತ್ತಿದ್ದರೆ, ಇಲಿಯಂ (ಸೊಂಟದ ಅಗಲ ಮೂಳೆ) ಚೌಕವಾಗಿದ್ದರೆ ಅದು ಕುಳ್ಳತನ ತರುವ ಅಕಾಂಡ್ರೋಪ್ಲೇಸಿಯಾ. ಹೆಚ್ಚಿನವರಲ್ಲಿ ಇದು ಎಫ್‌ಜಿಎಫ್‌ಆರ್3 ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆ. ಸುಮಾರು ಶೇಕಡಾ 80 ಮಕ್ಕಳ ತಂದೆ ತಾಯಿ ಸಾಮಾನ್ಯ ಎತ್ತರದವರು. ಮದುವೆ ಯಾರ ಜೊತೆ ಆದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅಜ್ಜಿಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ತಾಯಂದಿರು ಆ ಮಾತಿಗಾಗಿ ಕಾದಿರುತ್ತಾರೆ.

ಹಳೆಯ ಫಿಲ್ಮುಗಳನ್ನು ತರಿಸಿ. ಎಪಿಫಿಸಿಸ್ ಕೂಡಿಕೊಂಡ ಮೇಲೆ ಬಹಳಷ್ಟು ಗುರುತುಗಳು ಅಳಿಸಿಹೋಗುತ್ತವೆ. ಹದಿನಾರರ ಹುಡುಗನ ಸವೆದ ಸೊಂಟ ಏನೂ ಹೇಳದಿದ್ದಾಗ ಅವನ ಐದನೇ ವರ್ಷದ ಫಿಲ್ಮ್ ಎಲ್ಲ ಹೇಳಿಬಿಡುತ್ತದೆ. ಮಂಡಿಯನ್ನು ಪಕ್ಕದಿಂದ ತೆಗೆದ ಫಿಲ್ಮನ್ನೂ ಮರೆಯಬೇಡಿ. ಪಟೆಲ್ಲಾ (ಮಂಡಿಚಿಪ್ಪು) ಎರಡು ಪದರವಾಗಿ ಕಂಡರೆ ಎಸ್‌ಎಲ್‌ಸಿ26ಎ2 ಜೀನ್ ನೋಡಲು ಕೇಳಬೇಕು.

ಪುಟ್ಟ ಮಗುವಿಗೆ ಎಂಆರ್‌ಐಗಾಗಿ ಅರಿವಳಿಕೆ ಕೊಡುತ್ತಿದ್ದರೆ, ಕೌನ್ಸೆಲಿಂಗ್ ಮತ್ತು ಒಪ್ಪಿಗೆ ಮೊದಲೇ ಮುಗಿಸಿಕೊಂಡು, ಅದೇ ಹೊತ್ತಿನಲ್ಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ರಕ್ತ ತೆಗೆಯಲು ಹೇಳಿ. ಮಗುವಿಗೆ ಇನ್ನೊಂದು ಚುಚ್ಚು ತಪ್ಪುತ್ತದೆ, ಕುಟುಂಬಕ್ಕೆ ಇನ್ನೊಂದು ಪ್ರಯಾಣ ತಪ್ಪುತ್ತದೆ.

ಲ್ಯಾಬ್ ರಿಪೋರ್ಟ್ ಬಂದ ಮೇಲೆ

ಐದು ದರ್ಜೆಗಳಿವೆ: ಪ್ಯಾಥೋಜೆನಿಕ್, ಲೈಕ್ಲಿ ಪ್ಯಾಥೋಜೆನಿಕ್, ವಿಯುಎಸ್, ಲೈಕ್ಲಿ ಬಿನೈನ್, ಬಿನೈನ್. ‘ಲೈಕ್ಲಿ’ ಅಂದರೆ ಶೇಕಡಾ 90ಕ್ಕಿಂತ ಹೆಚ್ಚು ಖಾತ್ರಿ. ವಿಯುಎಸ್ ಅಂದರೆ ಇನ್ನೂ ಯಾವ ಕಡೆಯೂ ವಾಲಿಲ್ಲ. ಅದನ್ನು ರೋಗನಿರ್ಣಯ ಅಂತ ಓದಬೇಡಿ, ಅದರ ಮೇಲೆ ಮುಂದಿನ ಗರ್ಭದ ತೀರ್ಮಾನ ನಿಲ್ಲಿಸಬೇಡಿ.

ಇಲ್ಲಿ ನಮ್ಮ ಎರಡನೇ ಸರದಿ ಬರುತ್ತದೆ. ಜೀನಿನ ಹೆಸರು ಕೈಯಲ್ಲಿ ಹಿಡಿದು ಚಿತ್ರವನ್ನು ಮತ್ತೆ ನೋಡಬೇಕು. ಮಿದುಳಿನ ಬೆಳವಣಿಗೆಗೆ ಬೇಕಾದ ಟಿಯುಬಿಎ1ಎ ಜೀನಿನಲ್ಲಿ ವಿಯುಎಸ್ ಬಂದಿದೆ ಅಂದುಕೊಳ್ಳಿ. ಮೊದಲ ರಿಪೋರ್ಟಿನಲ್ಲಿ ‘ಕಾರ್ಟೆಕ್ಸ್ ಅಸಹಜ’ ಅಂತಷ್ಟೇ ಇದೆ. ಈಗ ಬೇಸಲ್ ಗ್ಯಾಂಗ್ಲಿಯಾ ಮೇಲೆ ಕಣ್ಣಿಡಿ. ಅದರ ಭಾಗಗಳಾದ ಕಾಡೇಟ್ ಮತ್ತು ಪುಟಾಮೆನ್ ನಡುವೆ ಹಾದುಹೋಗಬೇಕಾದ ಇಂಟರ್ನಲ್ ಕ್ಯಾಪ್ಸೂಲಿನ (ನರತಂತುಗಳ ಪಟ್ಟಿ) ಮುಂದಿನ ಭಾಗ ಕಾಣುತ್ತಿಲ್ಲ, ಎರಡೂ ಕೂಡಿಕೊಂಡು ಒಂದು ಉಂಡೆಯಾಗಿವೆ, ವೆಂಟ್ರಿಕಲ್ಲಿನ ಮುಂದಿನ ಕೊಂಬು ಕೊಕ್ಕೆಯಂತೆ ಬಾಗಿದೆ ಅಂದರೆ ಆ ವೇರಿಯಂಟಿಗೆ ತೂಕ ಬರುತ್ತದೆ. ತಂದೆ ತಾಯಿಯ ರಕ್ತ ನೋಡಿ, ಇಬ್ಬರಲ್ಲೂ ಇಲ್ಲ ಅಂತಾದರೆ ಇನ್ನೂ ಗಟ್ಟಿ. ಬೇಸಲ್ ಗ್ಯಾಂಗ್ಲಿಯಾ ಪೂರ್ತಿ ಸರಿಯಾಗಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಲ್ಯಾಬಿಗೆ ತಿಳಿಸಿ. ಜೀನಿನ ಹೆಸರು ಗೊತ್ತಾದ ಮೇಲೆ ಇಲ್ಲದ್ದನ್ನೂ ಕಾಣುವ ಆಸೆ ಹುಟ್ಟುತ್ತದೆ. ಅದಕ್ಕೆ ನಾನು ಪಕ್ಕದ ಸಹೋದ್ಯೋಗಿಗೆ ಜೀನಿನ ಹೆಸರು ಹೇಳದೆ ಚಿತ್ರ ತೋರಿಸಿ ಕೇಳುತ್ತೇನೆ.

ನಮ್ಮ ಜನರಿಗೆ ವಿಯುಎಸ್ ಹೆಚ್ಚು ಬರಲು ಒಂದು ಕಾರಣ, ಹೋಲಿಸಿ ನೋಡುವ ಜಾಗತಿಕ ಡೇಟಾದಲ್ಲಿ ನಾವು ಕಡಿಮೆ ಇರುವುದು. ಅಲ್ಲಿ ಅಪರೂಪ ಅನ್ನಿಸಿದ್ದು ಇಲ್ಲಿಯ ಒಂದು ಸಮುದಾಯದಲ್ಲಿ ಸಾಮಾನ್ಯ ಇರಬಹುದು. ನಮ್ಮ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳಿಂದ 10,000 ಜನರ ಜೀನೋಮ್ ಓದಿರುವುದು ಇದಕ್ಕೇ ಮುಖ್ಯ. ಸಮುದಾಯ ಗೊತ್ತಿದ್ದರೆ ಉಪಯೋಗವೂ ಇದೆ. ತಲೆ ದೊಡ್ಡದು, ವೈಟ್ ಮ್ಯಾಟರ್ ಇಡೀ ಊದಿಕೊಂಡಿದೆ, ಟೆಂಪೊರಲ್ ತುದಿಯಲ್ಲಿ ಸಿಸ್ಟ್, ಆದರೆ ಮಗು ಓಡಾಡುತ್ತಿದೆ. ಮನೆಯವರು ಅಗರ್‌ವಾಲ್ ಸಮುದಾಯದವರಾದರೆ ಎಂಎಲ್‌ಸಿ1 ಜೀನಿನ ಒಂದು ಗೊತ್ತಿರುವ ಬದಲಾವಣೆಯನ್ನು ಮೊದಲು ನೋಡಬಹುದು. ಅದೇ ಚಿತ್ರ ಎಚ್‌ಇಪಿಎಸಿಎಎಂ ಜೀನಿನ ಡಾಮಿನೆಂಟ್ (ಒಂದೇ ಪ್ರತಿ ಕೆಟ್ಟರೂ ಬರುವ) ಬಗೆಯಿಂದ ಬಂದಿದ್ದರೆ ಎಂಆರ್‌ಐ ವರ್ಷಗಳಲ್ಲಿ ಸುಧಾರಿಸುತ್ತದೆ. ತಂದೆ ತಾಯಿಗೆ ಇವೆರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಯೋಚಿಸಿ.

ಫಲಿತಾಂಶ ನಮ್ಮ ಸ್ಕ್ಯಾನಿಂಗನ್ನೂ ಬದಲಿಸುತ್ತದೆ. ಎಟಿಎಂ ಜೀನಿನ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಇರುವ ಮಗುವಿಗೆ ಸಿಟಿ ಆದಷ್ಟು ಬೇಡ, ವಿಕಿರಣ ಅವರಿಗೆ ಹೆಚ್ಚು ಹಾನಿಕರ. ಟಿಪಿ53 ಜೀನಿನಲ್ಲಿ ಕ್ಯಾನ್ಸರ್ ತರಬಲ್ಲ ದೋಷ ಇದ್ದರೆ ವರ್ಷಕ್ಕೊಮ್ಮೆ ಇಡೀ ದೇಹದ ಮತ್ತು ಮಿದುಳಿನ ಎಂಆರ್‌ಐ, ಮೂರು ನಾಲ್ಕು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್. ಕ್ಯಾನ್ಸರಿನ ಅಪಾಯ ಇರುವ ಬೆಕ್‌ವಿತ್ ವೀಡೆಮನ್ ಮಗುವಿಗೆ ಏಳು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್. ಈ ಮಕ್ಕಳ ಹೆಸರು ರೆಫರಲ್ ಮಾಡುವ ಡಾಕ್ಟರ ನೆನಪಿನಲ್ಲಿ ಮಾತ್ರ ಇರಬಾರದು. ನಮ್ಮ ವಿಭಾಗದ ಅಪಾಯಿಂಟ್‌ಮೆಂಟ್ ವ್ಯವಸ್ಥೆಯಲ್ಲೇ ಇರಬೇಕು.

ಕುಟುಂಬದ ಜೊತೆ

ಸ್ಕ್ಯಾನ್ ರೂಮಿನಲ್ಲಿ ‘ಇದು ತಾಯಿ ಕಡೆಯಿಂದ ಬಂದಿರುವುದು’ ಅನ್ನುವ ಮಾತು ಯಾರೂ ಆಡಬಾರದು. ಆ ಒಂದು ಮಾತಿನಿಂದ ಮನೆಯಲ್ಲಿ ಏನೇನಾಗುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಅದನ್ನು ಹೇಳುವ ಜಾಗ ಜೆನೆಟಿಕ್ ಕೌನ್ಸೆಲಿಂಗ್ ಕೋಣೆ.

ತಾಯಿ ಮತ್ತೆ ಗರ್ಭಿಣಿಯೇ ಅಂತ ಕೇಳಿ. ರಿಸೆಸಿವ್ ಕಾಯಿಲೆಯಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿನ ಜೀನ್ ಖಚಿತವಾಗಿದ್ದರೆ ಮಾತ್ರ 11ರಿಂದ 14 ವಾರದೊಳಗೆ ಕೋರಿಯಾನಿಕ್ ವಿಲ್ಲಸ್ (ಮಾಸದ ತುಣುಕಿನ) ಪರೀಕ್ಷೆ ಅರ್ಥಪೂರ್ಣ. ಎಕ್ಸೋಮಿಗೆ ವಾರಗಟ್ಟಲೆ ಬೇಕು. ಹಾಗಾಗಿ ಆಕೆ ಎಂಟು ವಾರದ ಗರ್ಭಿಣಿ ಅಂದರೆ ಅವತ್ತೇ ಜೆನೆಟಿಸಿಸ್ಟಿಗೆ ಫೋನ್ ಮಾಡಿ, ಪತ್ರ ಕಳಿಸಿ ಕಾಯಬೇಡಿ. ಎಕ್ಸ್ ಕ್ರೋಮೋಸೋಮಿನ ಕಾಯಿಲೆಗಳಿಗೆ ಗರ್ಭದಲ್ಲಿ ಪರೀಕ್ಷೆ ಮಾಡಲು 1994ರ ಪಿಎನ್‌ಡಿಟಿ (ಗರ್ಭದ ಪರೀಕ್ಷೆಗಳನ್ನು ನಿಯಂತ್ರಿಸುವ) ಕಾಯಿದೆಯಲ್ಲೇ ಅವಕಾಶವಿದೆ. ಅದು ನೋಂದಾಯಿತ ಕೇಂದ್ರದಲ್ಲಿ, ದಾಖಲೆ ಸಮೇತ ಆಗಬೇಕು. ಮಗುವಿನ ಲಿಂಗ ಹೇಳುವುದಕ್ಕೆ ಅವಕಾಶವಿಲ್ಲ.

ಹಣದ ಪ್ರಶ್ನೆ ಬರುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ ಇವೆ. ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವ ದಾರಿ ಅಲ್ಲಿಂದ. ಅಲ್ಲಿಗೆ ಕಳಿಸುವಾಗ ಪ್ರಿಂಟ್ ಫಿಲ್ಮ್ ಮಾತ್ರ ಕೊಡಬೇಡಿ, ಡೈಕಾಮ್ ಫೈಲುಗಳನ್ನು (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಪೆನ್‌ಡ್ರೈವಿಗೆ ಹಾಕಿ ಕೊಡಿ. ಪ್ರಿಂಟಿನಲ್ಲಿ ಆ ಮುಂಗೈಯ ತೆಳು ಪದರ ಕಾಣುವುದೇ ಇಲ್ಲ.

ಉತ್ತರ ಸಿಗದ ಮಕ್ಕಳ ಪಟ್ಟಿಯೊಂದನ್ನು ವಿಭಾಗದಲ್ಲಿ ಇಟ್ಟುಕೊಳ್ಳಿ. ಒಂದೆರಡು ವರ್ಷದ ನಂತರ ಹಳೆಯ ಎಕ್ಸೋಮ್ ಡೇಟಾವನ್ನೇ ಮತ್ತೆ ವಿಶ್ಲೇಷಿಸಲು ಲ್ಯಾಬನ್ನು ಕೇಳಬಹುದು. ಹೊಸ ಜೀನ್‌ಗಳು ಅಷ್ಟರಲ್ಲಿ ಗೊತ್ತಾಗಿರುತ್ತವೆ, ಹೊಸದಾಗಿ ರಕ್ತ ಬೇಡ. ಕೇಳುವ ಪತ್ರದಲ್ಲಿ ಸ್ಯಾಂಪಲ್ ನಂಬರ್ ಹಾಕಿ. ಈ ನಡುವೆ ತೆಗೆದ ಹೊಸ ಎಕ್ಸ್‌ರೇ, ಎಂಆರ್‌ಐಗಳಲ್ಲಿ ಏನು ಬದಲಾಗಿದೆ, ಏನು ಹಾಗೇ ಇದೆ ಅನ್ನುವುದನ್ನೂ ಬರೆದು ಜೊತೆಗೆ ಕಳಿಸಿ.